ಪಕ್ಕದ ಮನೆಯ ಮಾತ್ರೆ

ಮೊದಲು ನನ್ನ ಪೆದ್ದುತನವನ್ನೇ ಹೇಳಿಬಿಡುತ್ತೇನೆ. ನಮಗೆ ಪಾಠ ಹೇಳಲು ಬಂದಿದ್ದ ಮೇಡಂ ನನ್ನನ್ನು ಮೊದಲ ಸಲ ಗಮನಿಸಿದಾಗ ನಾನು ಮೇಡಂ ಆಗಿದ್ದೆ. ರಾಮನಗರದ ತರಬೇತಿ ಹಾಲ್‌ನಲ್ಲಿ ಊಟದ ಬಿಡುವು. ಗೆಳೆಯನ ಕನ್ನಡಕಕ್ಕೆ ದಾರ ಕಟ್ಟಿ, ಮೂಗಿನ ತುದಿಗಿಳಿಸಿ, ರಾಗಿ ಬೀಸುವ ಕಲ್ಲಿನಂಥ ಅವರ ಗರಗರ ದನಿ ತೆಗೆದು ಜೊತೆಯ ಡಾಕ್ಟರುಗಳನ್ನು, ನರ್ಸುಗಳನ್ನು ನಗಿಸುತ್ತಿದ್ದೆ. ನಗು ಒಮ್ಮೆಗೇ ನಿಂತಿತು. ತಿರುಗಿದರೆ ನಿಜವಾದ ಕನ್ನಡಕ, ಅದಕ್ಕೆ ಕಟ್ಟಿದ ಕೆಂಪು ರೇಷ್ಮೆ ಹುರಿ.

"ಕನ್ನಡಕ ಇನ್ನೊಸಿ ಕೆಳಗಿರ್ಬೇಕು ಕಣಪ್ಪ," ಎಂದರು. "ಇಲ್ದಿದ್ರೆ ನಾನು ನಿನ್ ವಯಸ್ಸಿನೋಳಂಗೆ ಕಾಣ್ತೀನಿ."

ಔಷಧಿ ಬರೆಯುವ ಮುಂಚೆ ಯಾರಿಗೆ ವಂಶವಾಹಿ ಪರೀಕ್ಷೆ ಮಾಡಿಸಬೇಕು, ಬಂದ ವರದಿಯನ್ನು ಹೇಗೆ ಓದಬೇಕು ಎಂಬುದನ್ನು ನಮ್ಮ ಕಡೆಯ ಆಸ್ಪತ್ರೆಗಳವರಿಗೆ ಕಲಿಸುವುದು ಅವರ ಕೆಲಸ. ಒಬ್ಬರನ್ನು ಉಳಿಸುವ ಮಾತ್ರೆ ಇನ್ನೊಬ್ಬರ ಮೈಯಲ್ಲಿ ಸುಮ್ಮನೆ ಕೂರುತ್ತದೆ, ಮತ್ತೊಬ್ಬರ ಮೈಯನ್ನೇ ಸುಡುತ್ತದೆ. ಅದು ಹುಟ್ಟಿನಿಂದ ಬಂದದ್ದು. ಅವರ ತಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದವರು. ಹಾಗಾಗಿ ಮೇಡಂ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಎಲ್ಲಾ ಗೂಡೂ ಒಂದೇ ಬಿಸಿನೀರಲ್ಲಿ ಬಿಚ್ಚಲ್ಲ." ಚೀಲದಲ್ಲಿ ಕಡ್ಲೆಪುರಿ ಇರುತ್ತಿತ್ತು. ತಪ್ಪು ಉತ್ತರ ಹೇಳಿದವರಿಗೇ ಮೊದಲ ಹಿಡಿ. "ಬುದ್ಧಿ ಹಸ್ಕೊಂಡೈತೆ, ಪಾಪ." ತರಬೇತಿ ಮುಗಿಯುವ ಹೊತ್ತಿಗೆ ನನ್ನ ಪ್ಯಾಂಟು ಬಿಗಿಯಾಗಿತ್ತು.

ಆಮೇಲೆ, ನಾವು ಕಲಿತದ್ದು ಎಷ್ಟು ಉಳಿದಿದೆ ನೋಡಲು ಕುದೂರಿಗೇ ಬಂದರು, ನಾನು ಡಾಕ್ಟರಾಗಿದ್ದ ಆಸ್ಪತ್ರೆಗೆ. ಆ ಹೊತ್ತಿಗೆ ಸರಿಯಾಗಿ ಕುರಿ ಸಾಕುವ ಯಜಮಾನರೊಬ್ಬರು ಫಿಟ್ಸ್ ಬರುತ್ತಿದ್ದ ಮಗಳನ್ನು ಕರೆತಂದರು. ಹುಡುಗಿಯ ಅಂಗೈ ತುಂಬ ಮದರಂಗಿ.

"ಪಕ್ಕದ್ ಮನೆ ಹುಡುಗಂಗೆ ಈ ಮಾತ್ರೆ ಕೊಟ್ಟವ್ರೆ ಸಾ," ಎಂದು ಮಾತ್ರೆಯ ಖಾಲಿ ಪಟ್ಟಿ ತೋರಿಸಿದರು. "ಗುಂಡ್ಕಲ್ಲಂಗವ್ನೆ. ಮಗೀಗೂ ಅದ್ನೇ ಬರ್ಕೊಟ್ಬುಡಿ."

ಒಳ್ಳೆಯ ಮಾತ್ರೆಯೇ. ನಾನೂ ಬುದ್ಧಿವಂತ, ಬರೆಯತೊಡಗಿದೆ. ಚೀಟಿಯ ಮೇಲೆ ಮೇಡಂ ಅಂಗೈ ಬಿತ್ತು.

"ಪಕ್ಕದ್ ಮನೆಯೋರ ಚಪ್ಲಿ ಬೇಕಾದ್ರೆ ಮೆಟ್ಕೊಂಡ್ ಹೋಗಿ ಯಜಮಾನ್ರೆ, ಮಾತ್ರೆ ನುಂಗ್ಬ್ಯಾಡಿ. ಮೊದ್ಲು ಒಂದು ಪರೀಕ್ಷೆ ಆಗ್ಲಿ."

"ನಾವು ಕುರೀಗೆಲ್ಲಾ ಒಂದೇ ಔಷ್ದಿ ಹುಯ್ತೀವಲ್ಲವ್ವ?"

"ಎಲ್ಲಾ ಕುರೀನೂ ಉಳೀತವಾ?"

ಯಜಮಾನರು ಪಟ್ಟಿಯನ್ನು ಜೇಬಿಗೆ ಸೇರಿಸಿ, ಮಗಳ ತೋಳನ್ನು ಮುಂದೆ ಚಾಚಿಸಿದರು. ಹುಡುಗಿಯ ರಕ್ತ ಪರೀಕ್ಷೆಗೆಂದು ಬೆಂಗಳೂರಿಗೆ ಹೋಯಿತು. ವರದಿ ಬರುವವರೆಗೆ ಬೇರೆ ಮಾತ್ರೆ. ಅದು ಬಂದ ದಿನ ಮೇಡಂ ಮತ್ತೆ ಬಂದಿದ್ದರು. ನಾನೇ ಓದಿದೆ. ನಾನು ಬರೆಯಹೊರಟಿದ್ದ ಮಾತ್ರೆ ಆ ಹುಡುಗಿಯ ಮೈಮೇಲೆ ಬೊಬ್ಬೆ ಎಬ್ಬಿಸಿ, ಚರ್ಮವನ್ನೇ ಸುಲಿಯುವ ಅಪಾಯವಿತ್ತು. ಆ ಮದರಂಗಿ ಕೈ ಕಣ್ಣೆದುರು ಬಂತು. ಊರಿನವರ ದನಿಯೆಲ್ಲ ತೆಗೆಯುವ ನನಗೆ ಆವತ್ತು ನನ್ನ ದನಿಯೇ ಹೊರಡಲಿಲ್ಲ. ಮೇಡಂ ಬೈಯಲಿಲ್ಲ. ಕಡ್ಲೆಪುರಿ ಪೊಟ್ಟಣವನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು, ಅಷ್ಟೇ.

ಅದಾಗಿ ಸ್ವಲ್ಪ ಕಾಲಕ್ಕೆ ಅವರ ಗಂಟಲಿಗೆ ಕಾಯಿಲೆ ಬಂತು. ಬೀಸುವ ಕಲ್ಲು ಸವೆದು ಸವೆದು ಪಿಸುಮಾತಾಯಿತು. ಚನ್ನಪಟ್ಟಣದಲ್ಲಿ ಒಂದು ತರಗತಿ ಒಪ್ಪಿಕೊಂಡಿದ್ದರು. ಅವರನ್ನು ಬಿಟ್ಟರೆ ಅದನ್ನು ಹೇಳಿಕೊಡಲು ಬೇರೆ ಯಾರೂ ಇರಲಿಲ್ಲ. ನನ್ನನ್ನು ಕರೆಸಿ, ಕೆಂಪು ಹುರಿಯ ಕನ್ನಡಕ ಬಿಚ್ಚಿ ಕೈಗಿಟ್ಟರು. "ಮಾಡು."

ಮಾಡಿದೆ. ಅದೇ ಗರಗರ, ಅದೇ ಗೂಡು, ಅದೇ ಬಿಸಿನೀರು. ಮೊದಲು ನಕ್ಕವರು ಆಮೇಲೆ ಬರೆದುಕೊಳ್ಳತೊಡಗಿದರು. ಮುಂದಿನ ಸಾಲಿನಲ್ಲಿ ಕೂತ ಮೇಡಂ, ತಪ್ಪು ಹೇಳಿದವರಿಗೆ ಕಡ್ಲೆಪುರಿ ಹಂಚುತ್ತಿದ್ದರು.

ವರ್ಷ ತಿರುಗುವಷ್ಟರಲ್ಲಿ ಹೋಗಿಬಿಟ್ಟರು. ಅವರ ತರಗತಿಗಳನ್ನು ಈಗ ನಾನೇ ತೆಗೆದುಕೊಳ್ಳುತ್ತೇನೆ. ಕಡ್ಲೆಪುರಿ ಒಯ್ಯುತ್ತೇನೆ, ಗೂಡಿನ ಮಾತೂ ಹೇಳುತ್ತೇನೆ. ಗರಗರ ದನಿ ಮಾತ್ರ ತೆಗೆಯುವುದಿಲ್ಲ. ಆ ವಿಷಯ ಚನ್ನಪಟ್ಟಣದಲ್ಲೇ ತೀರ್ಮಾನವಾಗಿಹೋಯಿತು. ಅಂದು ಹಾಲ್ ಖಾಲಿಯಾದ ಮೇಲೆ ನಾನು ಬೀಗುತ್ತ ಕೇಳಿದ್ದೆ: "ದನಿ ಸರಿಯಾಗ್ ಬಂತಾ ಮೇಡಂ? ಇನ್ಮೇಲೆ ಎಲ್ಲಾ ಕಡೆ ಹಿಂಗೇ ಮಾಡ್ತೀನಿ, ನೀವು ಸುಮ್ನೆ ಕೂತ್ಕಳಿ."

ಹತ್ತಿರ ಕರೆದು, ಕನ್ನಡಕ ವಾಪಸು ತೆಗೆದುಕೊಂಡು, ಕಿವಿಯಲ್ಲಿ ಪಿಸುಗುಟ್ಟಿದರು:

"ಪಕ್ಕದೋರ ಮಾತ್ರೆ ನುಂಗ್ಬ್ಯಾಡಿ ಅಂತ ಪಾಠ ಹೇಳ್ಬುಟ್ಟು, ನನ್ ದನೀನೇ ನುಂಗ್ತಾ ಕೂತಿದ್ದೀಯಲ್ಲೋ! ನಾಳೆಯಿಂದ ನಿಂದು ತಕ್ಕೊಂಡ್ ಬಾ."