ಒಳದೀಪ ಹಾಕಲು ಬಿಡದ ಸಾಬರು

ಅವರ ಬಲಗೈಯ ಮೂರು ಬೆರಳುಗಳಿಗೆ ಉಗುರು ಸರಿಯಾಗಿ ಬೆಳೆಯುತ್ತಿರಲಿಲ್ಲ. ಬ್ಯಾಟರಿಯ ಆಸಿಡ್ ತಿಂದು ತಿಂದು ಬೆರಳ ತುದಿಗಳು ಬಿಳಿಚಿಕೊಂಡು, ಸದಾ ಸಿಪ್ಪೆ ಎದ್ದಿರುತ್ತಿದ್ದವು. ಊಟಕ್ಕೆ ಕೂತರೆ ಖಾರ ತಾಗಿ ಉರಿಯುತ್ತಿತ್ತೋ ಏನೋ, ತುತ್ತನ್ನು ಉಳಿದ ಎರಡು ಬೆರಳಲ್ಲಿ ಹೇಗೋ ಎತ್ತುತ್ತಿದ್ದರು. ಕಾರಿಗೆ ರೇಡಿಯೋ ಬಂದಮೇಲೆ ಬಂದ ರೋಗ ಅದು. ರೇಡಿಯೋ ಬ್ಯಾಟರಿಯನ್ನು ಹೀರುತ್ತಿತ್ತು. ಬ್ಯಾಟರಿ ಅವರ ಬೆರಳನ್ನು ಹೀರುತ್ತಿತ್ತು.

ಶ್ರೀನಿವಾಸಪುರದ ನಮ್ಮ ಸಾಹುಕಾರರಿಗೆ ಯಲ್ದೂರಿನ ಕಡೆ ದೊಡ್ಡ ಮಾವಿನ ತೋಪುಗಳಿದ್ದವು. ಮನೆಯಲ್ಲಿ ಒಂದು ಕಾರು, ಒಂದು ಲಾರಿ. ಕಾರಿಗೆ ಈ ಡ್ರೈವರ್ ಸಾಬರು, ಲಾರಿಗೆ ನಾನು. ಯುದ್ಧದ ಕಾಲ, ಪೆಟ್ರೋಲು ಕೂಪನ್ ಮೇಲೆ ಸಿಗುತ್ತಿದ್ದುದರಿಂದ ಲಾರಿಯ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಗ್ಯಾಸಿನಲ್ಲಿ ಓಡಿಸುತ್ತಿದ್ದೆವು. ನಾನು ನಂಗಲಿ, ಮುಳಬಾಗಿಲು, ಕೋಲಾರ ಎಂದು ಹಣ್ಣು ಹೊತ್ತು ತಿರುಗಿ ಬರುವಾಗ ಹಲ್ಲೊಂದು ಬಿಟ್ಟು ಮೈಯೆಲ್ಲ ಕಪ್ಪಾಗಿರುತ್ತಿತ್ತು. ಸಾಬರು ಬಿಳಿ ಷರಟಿನಲ್ಲಿ, ಮೆತ್ತನೆ ಸೀಟಿನಲ್ಲಿ, ಹಾಡು ಕೇಳುತ್ತ ಕೂತಿರುತ್ತಿದ್ದರು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ಇಂಜಿನ್ ವಿಚಾರದಲ್ಲಿ ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ನಂಗಲಿಯ ಏರಿನಲ್ಲಿ ತುಂಬಿದ ಲಾರಿಯನ್ನು ಇದ್ದಿಲ ಗ್ಯಾಸಿನಲ್ಲಿ ಹತ್ತಿಸುವವನಿಗೆ, ಹೆಂಗಸರನ್ನು ಕೂರಿಸಿಕೊಂಡು ಊರೂರು ಸುತ್ತುವ ಡ್ರೈವರ್ ಯಾವ ಲೆಕ್ಕ? ಹಾಗೆಂದು ನಾನು ತಿಳಿದಿದ್ದೆ. ಆ ಕಾರಿನ ಸೀಟು ನನಗೆ ಬರಬೇಕೆಂಬ ಆಸೆಯೂ ಇತ್ತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಸಾಬರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏನಪ್ಪಾ ಲಾರಿ, ಇವತ್ತು ಎಷ್ಟು ಕಡೆ ಕೆಟ್ಟು ನಿಂತೆ?" ಎನ್ನುತ್ತಿದ್ದರು. ನಾನು, "ನೀವು ಎಷ್ಟು ಹಾಡು ಹೊತ್ಕೊಂಡು ಬಂದ್ರಿ ಸಾಬ್ರೇ?" ಎನ್ನುತ್ತಿದ್ದೆ.

ಅವರು ಕಾರಿನ ಒಳಗನ್ನು ಇಟ್ಟುಕೊಂಡಿದ್ದ ರೀತಿ ಮಾತ್ರ ಬೇರೆ. ಸ್ಟಿಯರಿಂಗ್ ಮುಂದಿನ ಹಲಗೆಯಲ್ಲಿ ಎಳೆಯಲು, ತಿರುಗಿಸಲು ಒಂದೇ ಆಕಾರದ ಗುಬುಟುಗಳು ಸಾಲಾಗಿದ್ದವು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ. ಅದನ್ನು ಓದಲು ಅವರಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಕಾರು ಬಂದ ವಾರದಲ್ಲೇ ಅವರು ಅರ ಹಿಡಿದು ಗುಬುಟುಗಳ ಅಂಚಿಗೆ ಕಚ್ಚು ಹಾಕಿದ್ದರು. ಒಂದು ಕಚ್ಚು ಮುಂದಿನ ದೀಪ, ಎರಡು ಕಚ್ಚು ಗಡಿಯಾರದ ಸಣ್ಣ ದೀಪ, ಮೂರು ಕಚ್ಚು ಗಾಜು ಒರೆಸುವ ಕಡ್ಡಿ. ಕೈ ತಾನಾಗಿ ಹೋಗಿ ಎಳೆಯುತ್ತಿತ್ತು. ಗಾಜಿನ ಕೆಳಗೆ ಗಾಳಿ ಬರುವ ಒಂದು ಕಿಂಡಿ ಇತ್ತು. ಎದುರಿಗೆ ದನದ ಮಂದೆ ಕಂಡರೆ ಧೂಳು ಒಳಗೆ ನುಗ್ಗುವ ಮುಂಚೆ ಅದನ್ನು ಮುಚ್ಚುತ್ತಿದ್ದರು. ಹೆಂಗಸರು ಹತ್ತುವಾಗ ತಲೆಯ ಮೇಲಿನ ದಾರ ಎಳೆದರೆ ಹಿಂದಿನ ಗಾಜಿಗೆ ಪರದೆ ಬೀಳುತ್ತಿತ್ತು. ಸಿಗರೇಟಿನ ಬೂದಿಗೆಂದು ಕೊಟ್ಟಿದ್ದ ಬಟ್ಟಲಿನಲ್ಲಿ ಸಾಹುಕಾರರ ತಾಯಿಗೆ ಅಡಿಕೆ, ಲವಂಗ ತುಂಬಿಸಿಡುತ್ತಿದ್ದರು. ತಾಯಿಯ ಎದುರಿಗೆ ಸಾಹುಕಾರರು ಸಿಗರೇಟು ಸೇದುತ್ತಿರಲಿಲ್ಲ, ಹೀಗಾಗಿ ಆ ಬಟ್ಟಲು ಕೊನೆಯವರೆಗೂ ಬೂದಿ ಕಾಣಲಿಲ್ಲ.

ಅವರ ಎರಡು ಕಾನೂನುಗಳನ್ನು ಸಾಹುಕಾರರೂ ಮೀರುತ್ತಿರಲಿಲ್ಲ. ಇಂಜಿನ್ ನಿಂತಿದ್ದರೆ ರೇಡಿಯೋದಲ್ಲಿ ಒಂದೇ ಹಾಡು. ಓಡುವ ಕಾರಿನಲ್ಲಿ ಚಾವಣಿಯ ದೀಪ ಹಾಕಕೂಡದು.

ಯಲ್ದೂರಿನ ತೋಪಿನಲ್ಲಿ ಕಾರು ನಿಂತರೆ ಹಣ್ಣು ಕೀಳುವ ಆಳುಗಳೆಲ್ಲ ಸುತ್ತ ಕೂಡುತ್ತಿದ್ದರು. ಗುಬುಟು ತಿರುಗಿಸಿದ ಮೇಲೆ ಒಳಗಿನ ಬಲ್ಬುಗಳು ಕಾಯುವವರೆಗೆ ಕಾಯಬೇಕು, ಆಮೇಲೆ ಗೊರಗೊರ, ಆಮೇಲೆ ಹಾಡು. ಹಾಡು ಮುಗಿದದ್ದೇ ಸಾಬರು ಆರಿಸುತ್ತಿದ್ದರು.

"ಇನ್ನೊಂದು ಸಾಬ್ರೇ, ಒಂದೇ ಒಂದು."

"ಹಾಡು ನಿಮಗೆ. ಆಮೇಲೆ ತಳ್ಳೋರು ಯಾರು?"

"ನಾವೇ ತಳ್ತೀವಿ."

"ಹೋದ ಸಲ ತಳ್ಳಿದ್ರಲ್ಲ, ಬಾವಿ ಕಡೆಗೆ. ನೆನಪಿದೆ. ಏಳ್ರಿ, ಏಳ್ರಿ."

ಚಾವಣಿಯ ದೀಪದ ಬಗ್ಗೆ ಮಾತ್ರ ಅವರು ತಮಾಷೆ ಮಾಡುತ್ತಿರಲಿಲ್ಲ. "ಒಳಗೆ ಬೆಳಕು ಮಾಡಿದ್ರೆ ಗಾಜಲ್ಲಿ ನಿಮ್ಮ ಮುಖಾನೇ ಕಾಣ್ತದೆ, ರಸ್ತೆ ಕಾಣಲ್ಲ" ಎಂದು ಒಂದೇ ಸಲ ಹೇಳುತ್ತಿದ್ದರು. ಏನಾದರೂ ಹುಡುಕಬೇಕಾದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ದೀಪ ಹಾಕಿ, ಹುಡುಕಿಸಿ, ಆರಿಸಿ, ಮತ್ತೆ ಹೊರಡುತ್ತಿದ್ದರು.

ಮಾಲೂರಿನ ಹತ್ತಿರ ಲಕ್ಕೂರಿನಲ್ಲಿ ಸಾಹುಕಾರರ ನಂಟರ ಮನೆ ಮದುವೆ. ತರಕಾರಿ, ಪಾತ್ರೆ ಹೊತ್ತು ನಾನೂ ಲಾರಿ ತಂದಿದ್ದೆ. ಬೆಳಿಗ್ಗೆ ಮುಹೂರ್ತ ಹತ್ತಿರ ಬಂದರೂ ಕೋಲಾರದಿಂದ ಬರಬೇಕಾದ ವಾಲಗದವರು ಬರಲಿಲ್ಲ. ಅವರು ಹತ್ತಿದ್ದ ಬಸ್ಸು ದಾರಿಯಲ್ಲಿ ಇದ್ದಿಲ ಹೊಗೆ ಕಾರಿ ನಿಂತಿತ್ತು. ವಾಲಗವಿಲ್ಲದೆ ತಾಳಿ ಹೇಗೆ ಕಟ್ಟುವುದು? ಹೆಣ್ಣಿನ ತಂದೆ ಕಂಬ ಹಿಡಿದು ನಿಂತುಬಿಟ್ಟರು.

ಸಾಬರು ಯಾರನ್ನೂ ಕೇಳದೆ ಕಾರನ್ನು ಚಪ್ಪರದ ಪಕ್ಕಕ್ಕೆ ತಂದು, ಬಾಗಿಲುಗಳನ್ನು ತೆರೆದಿಟ್ಟು, ಇಂಜಿನ್ ಓಡುತ್ತಿರುವಂತೆಯೇ ರೇಡಿಯೋ ತಿರುಗಿಸಿದರು. ಮದರಾಸಿನಿಂದ ನಾಗಸ್ವರ ಬರುತ್ತಿತ್ತು. ಜನ ಪುರೋಹಿತರ ಮುಖ ನೋಡಿದರು. ಪುರೋಹಿತರು, "ವಾದ್ಯ ವಾದ್ಯವೇ. ಎಲ್ಲಿಂದ ಬಂದ್ರೇನು" ಎಂದು ಅಕ್ಷತೆ ಕೈಗೆತ್ತಿಕೊಂಡರು.

ಸಾಬರು ನನ್ನನ್ನು ಕರೆದು ಕಿಟಕಿಯ ಹತ್ತಿರ ನಿಲ್ಲಿಸಿದರು. "ಪುರೋಹಿತರ ಕೈ ಮೇಲೆದ್ರೆ ನನ್ನ ಭುಜ ಮುಟ್ಟು."

"ಎದುರಿಗೇ ಇದ್ದಾರಲ್ಲ ಸಾಬ್ರೇ, ಹತ್ತು ಮಾರಿಲ್ಲ."

"ನಾನು ರೇಡಿಯೋ ನೋಡ್ಕೋತೀನಿ. ನೀನು ಮದುವೆ ನೋಡ್ಕೋ."

ಸರಿಯಾಗಿ ಗಟ್ಟಿಮೇಳದ ಹೊತ್ತಿಗೆ ನಾಗಸ್ವರ ನಿಂತು ಯಾರೋ ತಮಿಳಿನಲ್ಲಿ ಭಾಷಣ ಶುರುಮಾಡಿದ. ಪುರೋಹಿತರ ಕೈ ಮೇಲೆದ್ದಿತು. ನಾನು ಭುಜ ಮುಟ್ಟಿದೆ. ಸಾಬರು ಒಂದು ಕೈಯಲ್ಲಿ ಭಾಷಣವನ್ನು ಅಡಗಿಸಿ ಇನ್ನೊಂದು ಕೈಯಲ್ಲಿ ಹಾರ್ನ್ ಒತ್ತಿದರು. ಮೂರು ಗಂಟು ಬೀಳುವವರೆಗೂ ಬಿಡಲಿಲ್ಲ. ಲಕ್ಕೂರಿನ ನಾಯಿಗಳೆಲ್ಲ ಓಡಿದವು. ಸಾಹುಕಾರರ ತಾಯಿ, ನಾವು ದೊಡ್ಡಮ್ಮನವರು ಎನ್ನುತ್ತಿದ್ದವರು, ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಮ್ಮ ಸಾಬಯ್ಯನ ಹಾರ್ನಿಗೆ ಬಿದ್ದ ಗಂಟು ಕಣೇ, ಬಿಚ್ಚೋ ಮಾತೇ ಇಲ್ಲ" ಎಂದರು. ಭುಜ ಮುಟ್ಟಿಸಿಕೊಂಡಿದ್ದು ಸಾಬರ ದೊಡ್ಡಸ್ತಿಕೆ ಎಂದುಕೊಂಡು ನಾನು ಮರೆತೆ.

ಅದಾಗಿ ಕೆಲವು ತಿಂಗಳು. ಮುಳಬಾಗಿಲಿನಲ್ಲಿ ನನ್ನ ಲಾರಿ ಕೆಟ್ಟು ಷೆಡ್ಡಿನಲ್ಲಿ ಬಿಟ್ಟಿದ್ದೆ. ಆ ದಿನ ದೊಡ್ಡಮ್ಮನವರು ಸೊಸೆಯೊಂದಿಗೆ ಅಲ್ಲಿಯ ನಂಟರ ಮನೆಗೆ ಕಾರಿನಲ್ಲಿ ಬಂದಿದ್ದರು. ವಾಪಸಾಗುವಾಗ ನನ್ನನ್ನೂ ಮುಂದಿನ ಸೀಟಿಗೆ ಹತ್ತಿಸಿಕೊಂಡರು. ನಂಟರ ಮನೆಯಲ್ಲಿ ಮಾತು ಬೆಳೆದು ಹೊರಡುವುದು ತಡವಾಗಿತ್ತು. ಸಾಬರು ಎರಡು ಸಲ ಬಾಗಿಲಿಗೆ ಹೋಗಿ, "ಅಮ್ಮಾ, ಹೊತ್ತಾಯ್ತು" ಎಂದಿದ್ದರು.

ಸೂರ್ಯ ಮುಳುಗಿತ್ತು, ಆದರೆ ಕತ್ತಲಾಗಿರಲಿಲ್ಲ. ದೊಡ್ಡಮ್ಮನವರ ಓಲೆಯ ತಿರುಪು ಕಳಚಿ ಸೀಟಿನಲ್ಲೆಲ್ಲೋ ಬಿತ್ತು.

"ಸಾಬಯ್ಯಾ, ದೀಪ ಹಾಕಪ್ಪ."

"ಮುಂದೆ ಹಳ್ಳಿ ಬರ್ತದಮ್ಮಾ. ನಿಲ್ಸಿ ಹಾಕ್ತೀನಿ."

"ಅಷ್ಟರಲ್ಲಿ ಎಲ್ಲಿ ಜಾರಿ ಹೋಗ್ತದೋ, ದೇವುಡಾ" ಎನ್ನುತ್ತ ಅವರು ಬಾಗಿಲ ಪಕ್ಕದ ಗುಂಡಿಯನ್ನು ತಾವೇ ಒತ್ತಿದರು. ಚಾವಣಿಯ ದೀಪ ಹತ್ತಿತು. ಮುಂದೆ ರಸ್ತೆ ಎಡಕ್ಕೆ ತಿರುಗುತ್ತಿತ್ತು. ತಿರುವಿನಲ್ಲಿ ಸುಣ್ಣ ಬಳಿದ ಕಲ್ಲುಗಳಿದ್ದವು. ನಾನು ಅವನ್ನು ನೋಡಿದೆ. ಈಗ ತಿರುಗಿಸುತ್ತಾರೆ ಎಂದುಕೊಂಡೆ. ಅವರು ತಿರುಗಿಸಲಿಲ್ಲ. ಕಾರು ನೇರವಾಗಿ ಹೋಗಿ ಮುಂದಿನ ಚಕ್ರ ಮೋರಿಗೆ ಇಳಿದು, ಹುಣಸೆಮರಕ್ಕೆ ಒರಗಿ ನಿಂತಿತು.

ದೊಡ್ಡಮ್ಮನವರ ಹಣೆ ಮುಂದಿನ ಸೀಟಿಗೆ ಬಡಿದು ನಿಂಬೆಹಣ್ಣಿನಷ್ಟು ಊದಿತು. ಉಳಿದವರಿಗೆ ಏನೂ ಆಗಲಿಲ್ಲ. ಹೊಲದಿಂದ ಬರುತ್ತಿದ್ದವನೊಬ್ಬ ಎತ್ತು ಕಟ್ಟಿ ಕಾರನ್ನು ಎಳೆದುಕೊಟ್ಟ. ಸಾಬರು ಪಕ್ಕದ ಸೀಟಿಗೆ ಬಂದು ಕೂತು, ನೀನೇ ನಡೆಸು ಎಂದು ಸನ್ನೆ ಮಾಡಿದರು. ಹಾಗೆ ಮೊದಲ ಸಲ ಆ ಸ್ಟಿಯರಿಂಗ್ ನನ್ನ ಕೈಗೆ ಬಂತು.

ಮನೆಯಲ್ಲಿ ಸಾಹುಕಾರರು ಕೂಗಾಡುವ ಮುಂಚೆಯೇ ದೊಡ್ಡಮ್ಮನವರು, "ಅವನನ್ನ ಏನೂ ಅನ್ಬೇಡ. ಬೇಡ ಬೇಡ ಅಂದ್ರೂ ದೀಪ ಹಾಕಿದ್ದು ನಾನು. ಸೊಸೇನ ಸಾಯಿಸ್ತಿದ್ದೆ ನಾನು" ಎಂದು ಅತ್ತರು. ಇನ್ನು ಕಾರು ಹತ್ತುವುದಿಲ್ಲ ಎಂದು ಆಣೆಯಿಟ್ಟು, ಊಟ ಬಿಟ್ಟು ಮಲಗಿದರು. ಸಾಬರು ತಲೆ ತಗ್ಗಿಸಿ ನಿಂತಿದ್ದು, ಸುಮ್ಮನೆ ಮನೆಗೆ ಹೋದರು.

ನನಗೆ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ಆ ದೀಪದಲ್ಲೂ ನನಗೆ ಕಲ್ಲು ಕಂಡಿತ್ತು. ಹತ್ತು ಮಾರು ದೂರದ ಪುರೋಹಿತರ ಕೈ ಅವರಿಗೆ ಯಾಕೆ ಕಾಣಲಿಲ್ಲ, ಸಂಜೆಯಾದರೆ ಯಾಕೆ ಚಡಪಡಿಸುತ್ತಾರೆ, ಎಲ್ಲ. ಅವರ ಕಣ್ಣು ಹೋಗುತ್ತಿತ್ತು. ಅದು ಸಾಹುಕಾರರಿಗೆ ಗೊತ್ತಾದರೆ ಕಾರಿನ ಸೀಟು ನನ್ನದು.

ಬೆಳಿಗ್ಗೆ ಎದ್ದು, ಸೋಪು ಹಚ್ಚಿ ಮೈಯ ಇದ್ದಿಲೆಲ್ಲ ತೊಳೆದು, ಒಗೆದ ಷರಟು ಹಾಕಿಕೊಂಡು ಸಾಹುಕಾರರ ಮನೆಗೆ ಹೊರಟೆ. ಹೇಳುವುದು ನನ್ನ ಧರ್ಮ, ಮನೆಯವರ ಪ್ರಾಣದ ವಿಷಯ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮಾತು ಸುಳ್ಳಲ್ಲ. ಆದರೆ ಒಗೆದ ಷರಟು ಹಾಕಿಕೊಂಡಿದ್ದು ಅದಕ್ಕಲ್ಲ.

ಹಜಾರದಲ್ಲಿ ಸಾಬರು ನನಗಿಂತ ಮುಂಚೆ ಬಂದು ನಿಂತಿದ್ದರು. ಕಾರಿನ ಬೀಗದ ಕೈ ಜಗುಲಿಯ ಮೇಲಿತ್ತು. ದೊಡ್ಡಮ್ಮನವರು ಹಣೆಗೆ ಅರಿಸಿನ ಮೆತ್ತಿಕೊಂಡು ಕೂತಿದ್ದರು, ಸಾಹುಕಾರರು ಬಾಗಿಲಲ್ಲಿದ್ದರು.

"ಅಮ್ಮಾ, ದೀಪದ್ದು ತಪ್ಪಲ್ಲ" ಎಂದರು ಸಾಬರು. "ನನ್ನ ಕಣ್ಣಿಗೆ ಪೊರೆ ಬಂದಿದೆ. ದೀಪ ಹಾಕ್ದೆ ಇದ್ದಿದ್ರೂ ಇನ್ನೊಂದು ದಿನ ಹೋಗಿ ಗುದ್ದುತಿದ್ದೆ. ನೀವು ಊಟ ಮಾಡಿ."

"ಎಷ್ಟು ದಿನದಿಂದ?" ಸಾಹುಕಾರರು ಕೇಳಿದರು.

"ಎರಡು ಮಾವಿನ ಫಸಲಾಯ್ತು ಸ್ವಾಮಿ."

"ಎರಡು ಫಸಲು ನಮ್ಮಮ್ಮನ್ನ ಕುರುಡನ ಕೈಗೆ ಕೊಟ್ಟಿದ್ನಾ ನಾನು? ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಸೀಟು ಹೋಗ್ತಿತ್ತಲ್ಲ ಸ್ವಾಮಿ. ನನಗೆ ಬೇರೆ ಏನು ಬರ್ತದೆ?"

ಸಾಹುಕಾರರ ಮುಖ ಕೆಂಪಾಗಿತ್ತು. ದೊಡ್ಡಮ್ಮನವರು, "ನಿನ್ನೆ ಸಾಯಂಕಾಲ ನಾನು ಅಳೋವಾಗ ಯಾಕೋ ಸುಮ್ಮನಿದ್ದೆ ಸಾಬಯ್ಯಾ?" ಎಂದರು.

"ನಿಮ್ಮ ಮೇಲೆ ಹಾಕಿ ಉಳ್ಕೋಬೋದು ಅಂತ ಆಸೆ ಬಂತಮ್ಮಾ. ಮನೆಗೆ ಹೋದ್ರೆ ಅನ್ನ ಇಳೀಲಿಲ್ಲ."

ದೊಡ್ಡಮ್ಮನವರು ಒಳಕ್ಕೆ ತಿರುಗಿ, ತಮಗೂ ಸಾಬಯ್ಯನಿಗೂ ಎಲೆ ಹಾಕಿ ಎಂದರು. ಕಾರು ಇನ್ನು ಯಾರು ನಡೆಸಬೇಕು ಎಂದು ಸಾಹುಕಾರರು ಗೊಣಗಿದಾಗ ಸಾಬರು ನನ್ನ ಕಡೆ ಕೈ ತೋರಿಸಿದರು. "ಲಾರಿಯವನಿದ್ದಾನೆ. ಕೈ ಒರಟು. ನಾನು ತಿದ್ದಿ ಕೊಡ್ತೀನಿ."

ಒಂದು ತಿಂಗಳು ತಿದ್ದಿದರು. ಮಧ್ಯಾಹ್ನ ಷೆಡ್ಡಿನಲ್ಲಿ ಕೂರಿಸಿ ಕಣ್ಣು ಮುಚ್ಚಿಸಿ, "ಗಾಳಿ ಕಿಂಡಿ ಮುಚ್ಚು. ರೇಡಿಯೋ ತಗ್ಗಿಸು. ಹಿಂದಿನ ಪರದೆ ಬಿಡು" ಎನ್ನುತ್ತಿದ್ದರು. ತಪ್ಪಿದರೆ, "ಇದು ಲಾರಿ ಅಲ್ಲಪ್ಪಾ, ಒದ್ದು ತೆಗಿಯೋಕೆ" ಎಂದು ಮೊಣಕೈಗೆ ಬಾರಿಸುತ್ತಿದ್ದರು. ಆಮೇಲೆ ಸಾಹುಕಾರರೇ ಕೋಲಾರದ ಆಸ್ಪತ್ರೆಯಲ್ಲಿ ಅವರ ಒಂದು ಕಣ್ಣಿನ ಪೊರೆ ತೆಗೆಸಿದರು. ದಪ್ಪ ಗಾಜಿನ ಕನ್ನಡಕ ಬಂತು. ಮೊಮ್ಮಕ್ಕಳ ಮುಖ ಕಾಣುವಷ್ಟಾಯಿತು, ಕಾರು ಓಡಿಸುವಷ್ಟಾಗಲಿಲ್ಲ. ದೊಡ್ಡಮ್ಮನವರು ಮತ್ತೆ ಕಾರು ಹತ್ತಿದ ದಿನ, ಸಾಬಯ್ಯ ಮುಂದೆ ಕೂತರೆ ಮಾತ್ರ ಎಂದು ಹಟ ಹಿಡಿದು ಅವರನ್ನು ನನ್ನ ಪಕ್ಕದಲ್ಲಿ ಕೂರಿಸಿದರು.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನೋಡಲು ಹೋದಾಗ, ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. "ಸಾಬ್ರೇ, ಆವತ್ತು ಬೆಳಿಗ್ಗೆ ನಾನೂ ನಿಮ್ಮ ಕಣ್ಣಿನ ವಿಷಯ ಹೇಳೋಕೇ ಬಂದಿದ್ದೆ."

"ಗೊತ್ತಿತ್ತು" ಎಂದರು. "ಮುಖ ಕಾಣಲಿಲ್ಲ, ಸೋಪಿನ ವಾಸನೆ ಬಂತು. ಇದ್ದಿಲಿನವನು ಹೊತ್ತಾರೆ ಸೋಪು ಹಾಕ್ಕೊಂಡು ಸಾಹುಕಾರರ ಮನೆಗೆ ಯಾಕೆ ಬರ್ತಾನೆ?"

"ಮತ್ತೆ ನನ್ನನ್ನೇ ಯಾಕೆ ತೋರಿಸಿದ್ರಿ?"

"ತಿರುವು ಬಂದಾಗ ನಿನ್ನ ಕಾಲು ನೆಲಾನ ಒತ್ತಿತು. ಬ್ರೇಕು ಹುಡುಕ್ತಾ ಇತ್ತು. ನನಗೆ ಕೇಳಿಸ್ತು. ಕಣ್ಣಿರೋನು ಅಂತ ಗೊತ್ತಾಯ್ತು. ಇನ್ನೇನು ನೋಡ್ಬೇಕಿತ್ತು ನಾನು?"

ಅದೇ ವಾರ ಅವರು ತೀರಿಕೊಂಡರು. ದೊಡ್ಡಮ್ಮನವರು ಸಾಬರ ಮನೆ ಬಾಗಿಲವರೆಗೆ ಬಂದು ಕೈ ಮುಗಿದು ಹೋದರು. ಖಬರಸ್ತಾನದವರೆಗೆ ನಾನು ಹೆಗಲು ಕೊಟ್ಟೆ.

ನಾನು ಯಾರ ಹಂಗಿಲ್ಲದೆ ದುಡಿದು ಮೇಲೆ ಬಂದವನು ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಲಾರಿಯ ಮಟ್ಟಿಗೆ ಅದು ನಿಜ. ಕಾರಿನ ಸೀಟು ಮಾತ್ರ ದುಡಿದು ಪಡೆದದ್ದಲ್ಲ. ಅದನ್ನು ಕಸಿಯಲು ಹೊರಟವನಿಗೆ, ಹೊರಟಿದ್ದಾನೆಂದು ತಿಳಿದೇ, ಒಬ್ಬರು ಎದ್ದು ಬಿಟ್ಟುಕೊಟ್ಟ ಜಾಗ ಅದು.