ಚಪ್ಪಲಿ ಬಿಟ್ಟು ನಿಂತ ದಂಡು

ಕಂಪ್ಲಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಸಾಗುವಾನಿ ಪೆಟ್ಟಿಗೆ ಇತ್ತೆಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿಸುವುದು ಅಗತ್ಯವಾಗಿದೆ. ಅದರೊಳಗೆ ಮೊಹರಮ್ಮಿನ ಅಲಾಯಿ ದೇವರುಗಳಿದ್ದವು. ಅಂಗೈಯಾಕಾರದ ಬೆಳ್ಳಿ ಹಿತ್ತಾಳೆಯ ಹಸ್ತಗಳು ಅವು, ಹಳೆಯ ರೇಷ್ಮೆಯಲ್ಲಿ ಸುತ್ತಿದ್ದವು. ನಾವು ಶೈವರು, ವಿಭೂತಿ ಧರಿಸದೆ ನೀರು ಕುಡಿಯದ ಮನೆತನದವರು. ಆದರೂ ಆ ಪೆಟ್ಟಿಗೆ ನಮ್ಮಲ್ಲಿರಲು ಕಾರಣ ಹೊಳೆ. ದೇವರನ್ನು ಕೂರಿಸುವ ಹಕ್ಕುಳ್ಳ ಮುಜಾವರರ ಮನೆ ತುಂಗಭದ್ರೆಯ ದಂಡೆಗೇ ಇದ್ದುದರಿಂದ, ಒಮ್ಮೆ ನೆರೆ ಬಂದಾಗ ನಮ್ಮ ಅಜ್ಜ ಅದನ್ನು ಹೊತ್ತು ತಂದು ಅಟ್ಟಕ್ಕೇರಿಸಿದರಂತೆ. ಅಂದಿನಿಂದ ಹಬ್ಬದ ದಿನಗಳಲ್ಲಿ ಪೆಟ್ಟಿಗೆ ಅವರದು, ಉಳಿದ ದಿನಗಳಲ್ಲಿ ಅದರ ಜವಾಬ್ದಾರಿ ನಮ್ಮದು.

ನನ್ನ ಕಾಲದ ಮುಜಾವರರು ಹತ್ತಿ ಹಿಂಜುವ ಕಸುಬಿನ ಮುದುಕರು. ನನ್ನ ಮದುವೆಯ ಗಾದಿಯ ಹತ್ತಿಯನ್ನು ಹಿಂಜಿದವರೂ ಅವರೇ. ಮಕ್ಕಳಾಗದ ತಾಯಂದಿರು, ಯಾವ ಜಾತಿಯವರೇ ಆಗಲಿ, ಅವರ ದೇವರಿಗೆ ಹರಕೆ ಹೊತ್ತು, ಹುಟ್ಟಿದ ಕೂಸಿಗೆ ಆ ದೇವರೆದುರಿಗೇ ಹೆಸರಿಟ್ಟು, ಸಕ್ಕರೆ ಓದಿಸುವುದು ವಾಡಿಕೆಯಾಗಿತ್ತು. ಅಂದರೆ ಸಕ್ಕರೆಯ ತಟ್ಟೆಯನ್ನು ಮುಂದಿಟ್ಟು ಕೂಸಿನ ಹೆಸರು ಹೇಳಬೇಕು. ಮುಜಾವರರು ಪ್ರಾರ್ಥನೆ ಓದಿದ ಮೇಲೆ ನೆರೆದವರಿಗೆಲ್ಲ ಹಂಚಬೇಕು.

ಬ್ರಿಟಿಷರು ಹೊರಟುಹೋದ ವರ್ಷದ ಮಾತು. ನಾವು ಮದರಾಸು ಸರ್ಕಾರಕ್ಕೆ ಸೇರಿದವರು. ಹೊಳೆಯಾಚೆಯ ಮೊಗಲಾಯಿ ಸೀಮೆ ಇನ್ನೂ ಬೇರೆ ಸಂಸ್ಥಾನವಾಗಿಯೇ ಉಳಿದಿತ್ತು. ಅಲ್ಲಿ ಧರ್ಮದ ಹೆಸರಿನಲ್ಲಿ ಕೋವಿ ಹಿಡಿದ ಪಡೆಯೊಂದು ಎದ್ದು ಹಳ್ಳಿಗಳನ್ನು ಸುಲಿಯತೊಡಗಿತು. ಜನ ಪಾತ್ರೆ ಪಡಗಗಳ ಗಂಟು ಹೊತ್ತು ಹರಿಗೋಲಿನಲ್ಲಿ ನಮ್ಮ ದಡಕ್ಕೆ ಬಂದರು. ನಮ್ಮ ಅಕ್ಕಿ ಮಿಲ್ಲಿನ ಭತ್ತ ಒಣಗಿಸುವ ಕಣದಲ್ಲಿ ಸಾಲಾಗಿ ಒಲೆ ಹೂಡಿದರು.

ಅವರನ್ನು ಕಾಯುವುದಾಗಿ ಹೇಳಿಕೊಂಡು ನಮ್ಮ ದಡದಲ್ಲಿಯೂ ಒಂದು ದಂಡು ಹುಟ್ಟಿಕೊಂಡಿತು. ಅದರ ಮುಖಂಡ ಒಬ್ಬ ಭತ್ತದ ದಲ್ಲಾಳಿ, ನಮ್ಮ ತಾಯಿಯವರ ಗೆಳತಿಯ ಮಗ. ಅಲಾಯಿ ದೇವರ ಹರಕೆಯಿಂದಲೇ ಹುಟ್ಟಿ, ಆ ದೇವರ ಹೆಸರನ್ನೇ ಹೊತ್ತಿದ್ದವನು. ದಂಡು ಕಟ್ಟಿದಾಗ ಅದನ್ನು ಬಿಟ್ಟು ಹಳೆಯ ರಾಜರಿಗೊಪ್ಪುವಂಥ ಹೆಸರನ್ನು ತಾನೇ ಇಟ್ಟುಕೊಂಡನು. ಸದರಿಯವನೂ ಅವನ ಹುಡುಗರೂ ಹಂಪಿಯ ಹಾಳು ಮಂಟಪವೊಂದರಲ್ಲಿ, ಬಾವಲಿಯ ಹಿಕ್ಕೆಯ ನಡುವೆ ನಿಂತು, ಕುರಿಯ ನೆತ್ತರನ್ನು ಹಣೆಗಿಟ್ಟುಕೊಂಡು ಆಣೆ ಮಾಡಿ ಬಂದರು. ಬಂಡಿಗಾಲಿಯ ಹಳೆಯ ಕಬ್ಬಿಣದ ಪಟ್ಟಿಗಳನ್ನು ಬಡಿಸಿ ಈಟಿ ಮಾಡಿಸಿದರು. ಊರವರು ಅವರನ್ನು ಮೆಚ್ಚಿದರು. ನಮ್ಮ ಮಿಲ್ಲಿನಿಂದಲೂ ಅಕ್ಕಿ ಹೋಯಿತು.

ದಂಡಿನ ಕಾವಲು ಹೇಗಿತ್ತೆಂಬುದನ್ನು ಬರೆಯಲು ಇಂದಿಗೂ ನನಗೆ ಹೇಸಿಗೆಯಾಗುತ್ತದೆ. ಹರಿಗೋಲು ದಡ ಮುಟ್ಟುತ್ತಲೇ ಇಳಿದವರನ್ನು ಸಾಲಾಗಿ ನಿಲ್ಲಿಸಿ ಹೆಸರು ಕೇಳುತ್ತಿದ್ದರು. ಬಳಿಕ ಗಂಟು ಬಿಚ್ಚಿಸಿ, ಕಾವಲಿನ ಕಾಣಿಕೆಯೆಂದು ತಾಮ್ರ ಹಿತ್ತಾಳೆಗಳನ್ನು ಆರಿಸಿಕೊಳ್ಳುತ್ತಿದ್ದರು. ಹೆಂಗಸೊಬ್ಬಳು ಮಗುವಿಗೆ ನೀರು ಕುಡಿಸುತ್ತಿದ್ದ ತಂಬಿಗೆಯನ್ನು, ನೀರು ಚೆಲ್ಲಿ, ಕೈಯಿಂದ ಕಿತ್ತುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿತ್ತುಕೊಂಡವನ ಹಣೆಯಲ್ಲಿ ಅಂಗೈಯಗಲ ಕುಂಕುಮವಿತ್ತು. ಆ ಪಾತ್ರೆಗಳು ಹೊಸಪೇಟೆಯ ಸಂತೆಯಲ್ಲಿ ಮಾರಾಟವಾಗುತ್ತಿದ್ದವು. ಆಚೆಯವರು ಸುಲಿದು ಉಳಿಸಿದ್ದನ್ನು ಈಚೆಯವರು ಸುಲಿದರು. ಎರಡೂ ಕಡೆಯವರು ದೇವರ ಜಯಕಾರ ಹಾಕಿಯೇ ಸುಲಿದರು.

ಮೊಹರಂ ಹತ್ತಿರವಾದಾಗ, ಈ ವರ್ಷ ಊರಿನಲ್ಲಿ ಹಬ್ಬದ ಬೆಂಕಿ ಹಾಕುವ ಅಲಾಯಿ ಕುಣಿ ತೋಡಕೂಡದೆಂದೂ, ದೇವರ ಪೆಟ್ಟಿಗೆಯನ್ನು ಒಡೆದು ಹೊಳೆಗೆ ಹಾಕುವುದಾಗಿಯೂ ದಂಡಿನವರು ಸಾರಿದರು. ಒಂದು ಮಧ್ಯಾಹ್ನ ಈಟಿಗಳೊಂದಿಗೆ ನಮ್ಮ ಮನೆಗೆ ಬಂದರು. ಬೇಕೆಂದೇ ಚಪ್ಪಲಿ ಮೆಟ್ಟಿಕೊಂಡು ಪಡಸಾಲೆಗೆ ಏರಿದರು. ನಾನು ಅಡ್ಡ ನಿಲ್ಲಲು ಹೋದಾಗ ತಾಯಿಯವರು ನನ್ನನ್ನು ತಡೆದು, ಪೆಟ್ಟಿಗೆ ಅಟ್ಟದಲ್ಲಿದೆ, ತಮ್ಮಿಂದ ಇಳಿಸಲಾಗದು, ಬೇಕಾದವರು ಇಳಿಸಿಕೊಳ್ಳಲಿ ಎಂದರು.

ಇಬ್ಬರು ಹತ್ತಿ ಇಳಿಸಿದರು. ಮುಚ್ಚಳ ತೆರೆದೊಡನೆ ಹಳೆಯ ಲೋಬಾನದ ವಾಸನೆ ಪಡಸಾಲೆಯನ್ನು ತುಂಬಿತು. ಆ ಹುಡುಗರಲ್ಲಿ ತಾಯಿಯ ಸೊಂಟದ ಮೇಲೆ ಕುಳಿತು ಆ ವಾಸನೆ ಕುಡಿಯದವನು ಒಬ್ಬನೂ ಇರಲಿಲ್ಲ. ಮುಂದೆ ನಡೆದುದನ್ನು ಯಾರೂ ಯೋಚಿಸಿ ಮಾಡಲಿಲ್ಲವೆಂದು ನಾನು ನಂಬುತ್ತೇನೆ. ಮುಖಂಡನ ಕಾಲು ತಾನಾಗಿಯೇ ಚಪ್ಪಲಿಯಿಂದ ಹೊರಗೆ ಬಂದಿತು. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ, ಈಟಿ ಹಿಡಿದುಕೊಂಡು, ಬರಿಗಾಲಲ್ಲಿ ನಿಂತರು.

ತಾಯಿಯವರು ಅದನ್ನು ನೋಡಿ, "ಯಾಕಲೇ ತಮ್ಮಾ, ಚಪ್ಪಲಿ ಯಾಕ ಬಿಟ್ಟಿ? ಒಡಿಯಾಕ ಬಂದಿಯಲ್ಲ, ಹಾಕ್ಕೊಂಡ ಒಡಿ," ಎಂದರು.

ಹಿಂದೆ ಯಾರೋ ಒಬ್ಬ ಕಿಸಕ್ಕನೆ ನಕ್ಕನು. ಮುಖಂಡನ ಮುಖ ಕಪ್ಪಿಟ್ಟಿತು. ಮುಚ್ಚಳವನ್ನು ಒಬ್ಬ ಹುಡುಗ ಮೆತ್ತಗೆ ಮುಚ್ಚಿದನು. ದಂಡು ಬಂದ ದಾರಿ ಹಿಡಿಯಿತು.

ಆ ನಗೆಯ ಬೆಲೆಯನ್ನು ಮುಜಾವರರು ತೆರಬೇಕಾಯಿತು. ಸಂಜೆಯೊಳಗೆ ದಂಡು ಅವರ ಮನೆಗೆ ನುಗ್ಗಿ, ಹಿಂಜುವ ಬಿಲ್ಲಿನ ನರವನ್ನು ಕೊಯ್ದು, ಹತ್ತಿಯನ್ನು ಹೊಳೆಗೆ ಎಸೆದು, ಮುದುಕರನ್ನೂ ಅವರ ಹೆಂಡತಿಯನ್ನೂ ಬೀದಿಗೆ ತಳ್ಳಿತು. ಅಲ್ಲಿ ಯಾರೂ ಚಪ್ಪಲಿ ಬಿಡಲಿಲ್ಲ. ಆ ಮನೆ ದಂಡಿನ ಪಾತ್ರೆಗಳ ಉಗ್ರಾಣವಾಯಿತು.

ಮುಜಾವರರ ಮಗಳನ್ನು ಸಂಡೂರು ಸಂಸ್ಥಾನದ ಚೋರನೂರಿಗೆ ಕೊಟ್ಟಿತ್ತು. ದಂಡಿನ ಕೈ ಅಲ್ಲಿಗೆ ನಿಲುಕುತ್ತಿರಲಿಲ್ಲ. ಮಿಲ್ಲಿನ ಬಂಡಿಯಲ್ಲಿ ಅವರನ್ನು ಅಲ್ಲಿಗೆ ಕಳಿಸಿದೆವು. ಹೊರಡುವಾಗ ಅವರು ನನಗೆ ಹೇಳಿದ್ದು ಇಷ್ಟೇ: "ಪೆಟ್ಟಿಗಿ ಜ್ವಾಕಿ ರೀ ಸಾಹುಕಾರ್ರ. ಮನಿ ತಿರುಗಿ ಸಿಕ್ಕರ ನಾನ ಬರ್ತೀನಿ. ಸಿಗಂಗಿಲ್ಲ ಅಂತ ಆದ್ರ ದೇವ್ರನ್ನ ಅಲ್ಲಿಗೆ ಕಳಿಸಿಬಿಡ್ರಿ. ಮನಿ ಇಲ್ಲದ ಊರಾಗ ದೇವ್ರು ಬ್ಯಾಡ."

ಆ ಮನೆಯ ಬಗ್ಗೆ ನಾನು ಅಧಿಕಾರಿಗಳಿಗೆ ಮೇಲಿಂದ ಮೇಲೆ ಅರ್ಜಿ ಬರೆದೆನು. ವಿಷಯ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿತು. ಆ ವರ್ಷ ಕಂಪ್ಲಿಯಲ್ಲಿ ಕುಣಿ ತೋಡಲಿಲ್ಲ.

ಮರುವರ್ಷ ಮಳೆಗಾಲದ ಕೊನೆಗೆ ದೇಶದ ಸೈನ್ಯ ಮೊಗಲಾಯಿ ಸೀಮೆಯನ್ನು ಹೊಕ್ಕಿತು. ಆಚೆಯ ಪಡೆಯವರು ಸಮವಸ್ತ್ರವನ್ನು ಜೋಳದ ಹೊಲಗಳಲ್ಲಿ ಕಳಚಿ ಓಡಿದರೆಂದು ಹರಿಗೋಲಿನವರು ಹೇಳಿದರು. ಕಣದ ಒಲೆಗಳು ಆರಿದವು; ಜನ ತಮ್ಮ ಊರುಗಳಿಗೆ ಮರಳಿದರು. ಹೆದರಿಸಲು ವೈರಿಯಿಲ್ಲದೆ, ಸುಲಿಯಲು ಗಂಟುಗಳಿಲ್ಲದೆ ಈಚೆಯ ದಂಡೂ ಕರಗಿತು. ಪೊಲೀಸರು ಬಂದು ಕೇಳಿದಾಗ ಪ್ರತಿಯೊಬ್ಬನೂ ಇನ್ನೊಬ್ಬನ ಕಡೆಗೆ ಬೆರಳು ತೋರಿಸಿದನು. ಈಟಿಯ ಕಾವುಗಳು ಬಾಳೆಗೊನೆಗಳಿಗೆ ಊರುಗೋಲಾದವು. ಯಾರಿಗೂ ಶಿಕ್ಷೆಯಾಗಲಿಲ್ಲ. ಮುಖಂಡನು ಮತ್ತೆ ದಲ್ಲಾಳಿಯಾದನು. ಆದರೆ ಹೊಳೆದಂಡೆಯ ಮನೆಯ ಬೀಗದ ಕೈ ಅವನ ಸೊಂಟದಲ್ಲಿಯೇ ಉಳಿಯಿತು. ಪೆಟ್ಟಿಗೆಯನ್ನು ಚೋರನೂರಿಗೆ ಕಳಿಸುವ ಏರ್ಪಾಟಿನಲ್ಲಿ ನಾನಿದ್ದೆನು.

ಅಷ್ಟರಲ್ಲಿ ಮುಖಂಡನ ಗಂಡುಕೂಸಿಗೆ ಜ್ವರ ಬಂದು ಫಿಟ್ಸ್ ಬರತೊಡಗಿತು. ಹೊಸಪೇಟೆಯ ಡಾಕ್ಟರ ಔಷಧಿ ನಡೆದಿತ್ತು. ಅವನ ತಾಯಿ ನಮ್ಮ ತಾಯಿಯವರಲ್ಲಿಗೆ ಬಂದು, ಹರಕೆಯ ದೇವರ ಮುಜಾವರರನ್ನು ಹೊರಗಟ್ಟಿದ್ದಕ್ಕೆ ಹೀಗಾಯಿತೆಂದು ಅತ್ತರು. ಬಂಡಿ ಚೋರನೂರಿಗೆ ಹೋಯಿತು. ಮುಜಾವರರು ಬಂದು ನಮ್ಮ ಪಡಸಾಲೆಯಲ್ಲಿ ಪೆಟ್ಟಿಗೆಯ ಮುಂದೆ ಕುಳಿತರು. ಮುಖಂಡನು ಚಪ್ಪಲಿಯನ್ನು ಬೀದಿಯಲ್ಲಿಯೇ ಬಿಟ್ಟು, ಸಕ್ಕರೆಯ ತಟ್ಟೆ ಹಿಡಿದು ಒಳಗೆ ಬಂದನು.

ಹರಕೆ ಯಾರದೆಂದು ಮುದುಕರು ಕೇಳಿದರು. ಅವನು ತಾನಿಟ್ಟುಕೊಂಡಿದ್ದ ರಾಜರ ಹೆಸರು ಹೇಳಿದನು.

"ಆ ಹೆಸರಿನ ಕೂಸು ನಮ್ಮ ದೇವ್ರ ಮುಂದ ಹುಟ್ಟಿಲ್ಲಪಾ. ನಿಮ್ಮವ್ವ ಇಟ್ಟಿದ್ದನ್ನ ಹೇಳು."

ಅವನು ನೆಲ ನೋಡಿಕೊಂಡು ಹಳೆಯ ಹೆಸರನ್ನು ಹೇಳಿದನು. ಮುದುಕರು ಮತ್ತೇನನ್ನೂ ಕೇಳಲಿಲ್ಲ, ಮನೆಯ ಮಾತೆತ್ತಲಿಲ್ಲ. ಅವರು ಕಣ್ಣು ಮುಚ್ಚಿ ಸಕ್ಕರೆ ಓದಿದರು.

ಕೂಸು ಚೇತರಿಸಿಕೊಂಡಿತು. ಅದಾದ ಮೇಲೆ ಅವನು ಮನೆ ತೆರವು ಮಾಡಿಸಿ, ಸಗಣಿ ಸಾರಿಸಿ, ಬೀಗದ ಕೈಯನ್ನು ತಂದೊಪ್ಪಿಸಿದನು. ಸರ್ಕಾರದ ಕಾಗದದಿಂದ ಆಗದ ಕೆಲಸ ಆಯಿತೆಂದು ಊರು ಹಿಗ್ಗಿತು. ನನ್ನಿಂದ ಹಿಗ್ಗಲಾಗಲಿಲ್ಲ. ಅವನು ಮುದುಕರಿಗೆ ಹೆದರಲಿಲ್ಲ, ತಂಬಿಗೆಯ ಹೆಂಗಸಿಗೆ ಹೆದರಲಿಲ್ಲ. ತನ್ನ ಕೂಸಿನ ಸಲುವಾಗಿ ಮಾತ್ರ ಹೆದರಿದನು. ಆ ಮೊಹರಮ್ಮಿನಲ್ಲಿ ಕುಣಿಗೆ ಮೊದಲ ಕಟ್ಟಿಗೆ ಹೊತ್ತು ತಂದವನೂ ಅವನೇ. ಜನ ಅವನಿಗೆ ದಾರಿ ಬಿಟ್ಟರು.

ಮುಜಾವರರು ಅವನು ತಂದ ಹರಕೆಯ ಸಕ್ಕರೆ ಹಂಚುತ್ತ ನನ್ನೆದುರಿಗೆ ಬಂದಾಗ ನಾನು ಕೈ ಚಾಚಲಿಲ್ಲ.

"ಸಕ್ಕರಿ ಸಕ್ಕರಿನ ರೀ ಸಾಹುಕಾರ್ರ, ತಂದಾತ ಯಾರಾದ್ರೇನು. ನನಗ ನನ್ನ ಮನಿ ಬಂತು, ತಗೊಳ್ರಿ," ಎಂದರು.

ಅವರ ಮಾತಿಗಾಗಿ ತೆಗೆದುಕೊಂಡೆನು. ಮನೆಗೆ ಬಂದು ಕಂಬದ ಗೂಡಿನಲ್ಲಿಟ್ಟೆನು. ಬೆಳಗಾಗುವಷ್ಟರಲ್ಲಿ ಇರುವೆಗಳು ಮುತ್ತಿದ್ದವು. ತಾಯಿಯವರು ಬೈದರು, ನಾನು ಗೂಡನ್ನು ಒರೆಸಲಿಲ್ಲ. ಅಂದಿನಿಂದ ಪ್ರತಿ ವರ್ಷ ಪೆಟ್ಟಿಗೆಯನ್ನು ಅಟ್ಟದಿಂದ ನಾನೇ ಇಳಿಸಿಕೊಟ್ಟಿದ್ದೇನೆ. ಸಕ್ಕರೆಯನ್ನು ಮಾತ್ರ ಇಂದಿನವರೆಗೆ ಬಾಯಿಗೆ ಹಾಕಿಲ್ಲವೆಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.