ಅಧ್ಯಕ್ಷರಿಗೆ ತಂದ ಏಳು ಶಾಲು

ಜೀವನದಲ್ಲಿ ನಾನು ಒಂದೇ ಸಲ ಸೇಡು ತೀರಿಸಿಕೊಂಡಿದ್ದೇನೆ, ಅದೂ ಹಾರ ಹಾಕಿ, ಶಾಲು ಹೊದಿಸಿ. ಈಗ ನೆನೆದರೂ ಹೊಟ್ಟೆ ತಣ್ಣಗಾಗುತ್ತದೆ.

ವಾಡಿಗೂ ಚಿತ್ತಾಪುರಕ್ಕೂ ನಡುವಿನ ಊರೊಂದರಲ್ಲಿ ನಾನು ಅಂಗನವಾಡಿ ನಡೆಸುತ್ತೇನೆ. ಇರುವುದು ಒಂದೇ ಖೋಲಿ. ಗೋಡೆ ಕಲ್ಲಿನದು, ಮಾಳಿಗೆಗೂ ಶಹಾಬಾದ್ ಕಲ್ಲಿನದೇ ಹಾಸು. ಹಿಂದೆಲ್ಲ ಆ ಕಲ್ಲಿನ ಮೇಲೆ ಗೇಣುದ್ದ ಬಿಳಿ ಮಣ್ಣು ಇರುತ್ತಿತ್ತು. ಪ್ರತಿ ವರ್ಷ ಮುಂಗಾರಿನ ಮಿರಗ ಮಳೆಗೆ ಮುಂಚೆ ಹೊಸ ಮಣ್ಣು ಹರಡಿ ತುಳಿಯುವುದು ನಮ್ಮ ಕಡೆಯ ರೂಢಿ. ಅದರ ಕೆಳಗೆ ಕಡುಬೇಸಿಗೆಯಲ್ಲೂ ಮಕ್ಕಳಿಗೆ ನಿದ್ದೆ ಬರುತ್ತಿತ್ತು. ಈಚೆಗೆ ಮಳೆಗೆ ಹೊತ್ತುಗೊತ್ತು ಇಲ್ಲ. ಬಂದರೆ ಒಂದೇ ದಿನಕ್ಕೆ ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ ಮಾಳಿಗೆಗಳು ಸೋರುತ್ತವೆ. ಪಂಚಾಯಿತಿ ಅಧ್ಯಕ್ಷರು ಉಳಿದ ಮಣ್ಣನ್ನೂ ಕೆರೆಸಿ, ಕಲ್ಲಿನ ಸಂದಿಗೆ ಸಿಮೆಂಟು ತುಂಬಿಸಿ, "ಪಕ್ಕಾ ಆಯ್ತು ನೋಡ್ರಿ" ಎಂದರು. ಊರೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮುಂದಿನ ಬೇಸಿಗೆಗೆ ಖೋಲಿ ಕಾದ ಹಂಚಾಯಿತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಹೇಳಲು ನಮಗೆ ಯಾವ ಯಂತ್ರವೂ ಬೇಕಿರಲಿಲ್ಲ. ಮಕ್ಕಳು ಗೋಡೆ ಮುಟ್ಟಿ ಕೈ ಹಿಂದೆಗೆಯುತ್ತಿದ್ದವು. ಅಡುಗೆ ಮಾಡುತ್ತಿದ್ದ ಸಹಾಯಕಿ ನನಗಿಂತ ಹಿರಿಯಳು. ಒಂದು ಮಧ್ಯಾಹ್ನ ಒಲೆಯ ಮುಂದೆಯೇ ಕುಸಿದಳು. ಶಹಾಬಾದಿನ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಆಕೆಯನ್ನು ಮಣ್ಣು ಮಾಡುವಾಗ ಬಂದ ಅಧ್ಯಕ್ಷರು ಆಕೆಯ ಮಗಳ ಎದುರೇ, "ಶುಗರ್ ಇತ್ತಂತ. ಬಿಸಿಲ ಏನ್ ಮಾಡ್ತದ್ರಿ? ಹುಟ್ಟಿದಾಗಿಂದ ನಾವು ಬಿಸಿಲಾಗೇ ಇದ್ದೀವಿ" ಎಂದರು. ಮಾಳಿಗೆಗೆ ಮತ್ತೆ ಮಣ್ಣು ಹಾಕಿಸಿರೆಂದು ನಾನು ಮೂರು ಸಲ ಅವರ ಮನೆಗೆ ಅಲೆದೆ. ಮೂರು ಸಲವೂ ಕೂಲರಿನ ಮುಂದೆ ಕೂತು ಹೇಳಿದ್ದು ಒಂದೇ ಮಾತು: "ಮಣ್ಣಿನ ಮಾಳಗಿ ಹಳೀ ಕಾಲದ್ದು. ಅಡ್ಜಸ್ಟ್ ಮಾಡ್ಕೋರಿ, ಅಕ್ಕೋರೆ."

ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿತು. ವರ್ಷ ಪೂರ್ತಿ ಅದನ್ನು ಜತನ ಮಾಡಿದೆ.

ಮರುವರ್ಷ ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು: ಬಿಸಿಲಿನ ಬಗ್ಗೆ ಜಾಗೃತಿ ಸಭೆ ಮಾಡಿ, ಫೋಟೊ ಕಳಿಸಿ. ಜೊತೆಗೊಂದು ಪೋಸ್ಟರು: ಮಜ್ಜಿಗೆ ಕುಡಿಯಿರಿ, ಹನ್ನೆರಡರಿಂದ ಮೂರರವರೆಗೆ ಒಳಗೇ ಇರಿ. ಒಳಗೆ ಅಂದರೆ ಎಲ್ಲಿ ಎಂದು ಅದರಲ್ಲಿ ಬರೆದಿರಲಿಲ್ಲ. ಸಭೆಯನ್ನು ನಮ್ಮ ಖೋಲಿಯಲ್ಲೇ, ಮಧ್ಯಾಹ್ನ ಎರಡಕ್ಕೆ ಇಟ್ಟೆ. ಹೆಣ್ಣುಮಕ್ಕಳು ಕಲ್ಲಿನ ಖಣಿಯಿಂದ ಬರುವುದೇ ಆಗ ಎಂದು ಅಧ್ಯಕ್ಷರಿಗೆ ಹೇಳಿದೆ. ನಿಮಗೆ ಸನ್ಮಾನವೂ ಇದೆ ಎಂದಾಗ ಅಧ್ಯಕ್ಷರ ಮುಖ ಅರಳಿತು.

ಊರಲ್ಲಿ ಮಹಿಳಾ ಸಂಘಗಳು ಏಳು. ಒಂದೊಂದು ಸಂಘವೂ ಒಂದೊಂದು ಉಣ್ಣೆ ಶಾಲು ತರಲಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಯಾಕೆಂದು ಯಾರೂ ಕೇಳಲಿಲ್ಲ. ಸನ್ಮಾನದ ಶಾಲನ್ನು ಸಭೆ ಮುಗಿಯುವ ತನಕ ತೆಗೆಯಬಾರದು. ಒಂದು ಸಂಘದ್ದು ಹೊದ್ದು ಇನ್ನೊಂದರದು ಬೇಡ ಎನ್ನುವ ಹಾಗೂ ಇಲ್ಲ, ಚುನಾವಣೆ ಹತ್ತಿರವಿತ್ತು.

ಮೊದಲು ಅಧ್ಯಕ್ಷರ ತಲೆಗೆ ರುಮಾಲು ಸುತ್ತಿದೆವು. ಆಮೇಲೆ ಹಾರ, ಶಾಲು, ಫೋಟೊ. ಮತ್ತೆ ಹಾರ, ಶಾಲು, ಫೋಟೊ. ನಾನು ಪೋಸ್ಟರನ್ನು ಅಕ್ಷರ ಅಕ್ಷರವಾಗಿ, ನಿಧಾನಕ್ಕೆ ಓದಿದೆ. ಮೂರನೆಯ ಶಾಲಿಗೆ ಅವರ ನಗು ಹೋಯಿತು. ಐದನೆಯದಕ್ಕೆ ನೀರು ಕೇಳಿದರು. ಮಾಳಿಗೆಯ ಮೇಲಿನ ಟಾಕಿಯ ನೀರು ಕೊಟ್ಟೆ. ಚಹಾ ಕುಡಿಯುವವರಂತೆ ಊದಿ ಊದಿ ಕುಡಿದರು. ನನಗೆ ಕನಿಕರ ಹುಟ್ಟಲಿಲ್ಲ, ಸುಳ್ಳು ಯಾಕೆ ಹೇಳಲಿ, ಖುಷಿಯಾಗುತ್ತಿತ್ತು.

ಆರನೆಯ ಶಾಲು ಹೆಗಲಿಗೆ ಬಿದ್ದಾಗ ಅಧ್ಯಕ್ಷರು ಕೈ ಮುಗಿದರು. "ಸಾಕ್ರಿ ಅಕ್ಕೋರೆ. ಈ ಖೋಲ್ಯಾಗ ಇನ್ನೊಂದ್ ಘಳಿಗಿ ಕುಂತ್ರ ಜೀವ ಹೋಗ್ತದ."

ಏಳನೆಯ ಶಾಲು ಹಿಡಿದು ನಿಂತವಳು ಸತ್ತ ಸಹಾಯಕಿಯ ಮಗಳು. ಶಾಲಿನ ಮಡಿಕೆ ಬಿಡಿಸುತ್ತ ಮೆಲ್ಲಗೆ ಕೇಳಿದಳು: "ಹಂಗ್ಯಾಕಂತೀರಿ, ಸಾವ್ಕಾರ್ರೆ? ನಿಮಗೂ ಶುಗರ್ ಅದ ಏನ್ರಿ?"

ಅಧ್ಯಕ್ಷರು ತಲೆ ತಗ್ಗಿಸಿ, "ನಾಳೀಗೇ ಮಣ್ಣ ಹಾಕಸ್ತೀನಿ" ಎಂದರು. ಸಭೆಯ ಪುಸ್ತಕ ಮುಂದಿಟ್ಟು, ಅದನ್ನೇ ಬರೆದು ಸಹಿ ಮಾಡಿಸಿಕೊಂಡ ಮೇಲೆಯೇ ಶಾಲು ತೆಗೆಯಲು ಬಿಟ್ಟೆ.

ಮರುದಿನ ಟ್ರ್ಯಾಕ್ಟರಿನಲ್ಲಿ ಬಿಳಿ ಮಣ್ಣು ಬಂತು. ನಾವೇ ಹತ್ತಿ ತುಳಿದೆವು. ಈಗ ಮಧ್ಯಾಹ್ನ ಮಕ್ಕಳು ಮಲಗುತ್ತವೆ, ಹೊಸ ಸಹಾಯಕಿ ಒಲೆಯನ್ನು ಬೇವಿನ ಮರದ ಕೆಳಗೆ ಹಚ್ಚುತ್ತಾಳೆ. ಊರವರು ಇವತ್ತಿಗೂ ನನ್ನ ಜಾಣತನ ಹೊಗಳುತ್ತಾರೆ.

ಅವರಿಗೆ ಒಂದು ವಿಷಯ ಹೇಳಿಲ್ಲ. ಹಳೆಯ ಸಹಾಯಕಿ ಸತ್ತ ಆ ಮಧ್ಯಾಹ್ನ, ಕುಸಿಯುವ ಮುಂಚೆ, ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಕ್ಕೋರೆ, ಜರಾ ಹೊರಗ ಕುಂದರ್ಲೇನ್ರಿ?" ಎಂದು ನನ್ನನ್ನು ಕೇಳಿದ್ದಳು. ಮೊದಲು ಮಕ್ಕಳಿಗೆ ಬಡಿಸಿ ಆಮೇಲೆ ಕೂತುಕೋ ಎಂದೆ. ಆಕೆ ಬಡಿಸಿದಳು.

ಆ ಏಳನೆಯ ಶಾಲನ್ನು ಆಕೆಯ ಮಗಳು ಅಂದು ಯಾರಿಗೂ ಹೊದಿಸದೆ, ಮಡಚಿ ನನ್ನ ಕೈಗಿಟ್ಟು ಹೋದಳು. ಅದು ಈಗಲೂ ನನ್ನ ಟ್ರಂಕಿನಲ್ಲಿದೆ.